ಕಳ್ಳವೋಟು ತಡೆಯುವುದು ಮೊದಲ ಮೇಜಿನಲ್ಲೇ

ಬೇರೆಯವರ ಹೆಸರಲ್ಲಿ ಬಟನ್ ಒತ್ತಿದ ಮೇಲಷ್ಟೇ ಅಪರಾಧ ಎಂದು ಅಭ್ಯರ್ಥಿಗಳ ಪರವಾಗಿ ಮತಗಟ್ಟೆಯಲ್ಲಿ ಕೂರುವ ಅನೇಕ ಪೋಲಿಂಗ್ ಏಜೆಂಟರು ನಂಬಿರುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 172ನೇ ಕಲಂ ಪ್ರಕಾರ, ಬದುಕಿರುವವರ, ಸತ್ತವರ ಇಲ್ಲವೇ ಕಲ್ಪಿತ ಹೆಸರಿನಲ್ಲಿ ಮತ ಹಾಕಲು ಕೇಳಿದರೇ ಸಾಕು. ಒಮ್ಮೆ ಹಾಕಿ ತನ್ನದೇ ಹೆಸರಲ್ಲಿ ಮತ್ತೆ ಕೇಳಿದರೂ ಅಷ್ಟೆ. ಶಿಕ್ಷೆ 174ರಲ್ಲಿ: ಒಂದು ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ. ಹಾಗಾಗಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ನಾನು ಕಣ್ಣಿಡುವುದು ಮತದಾರರ ಗುರುತು ನೋಡುವ ಮೊದಲ ಮೇಜಿನ ಮೇಲೆ.

ಅಲ್ಲಿ ಕ್ರಮಸಂಖ್ಯೆ, ಹೆಸರು ಗಟ್ಟಿಯಾಗಿ ಓದಿಸುತ್ತೇನೆ. ಏಜೆಂಟರಿಗೆ ಕೇಳಿಸದಿದ್ದರೆ ಆಕ್ಷೇಪ ಏಳುವುದಾದರೂ ಹೇಗೆ? ಗೈರು, ಸ್ಥಳಾಂತರ, ಮೃತರ ಪಟ್ಟಿಯಲ್ಲಿರುವ ಹೆಸರು ಬಂದರೆ ಗುರುತಿನ ದಾಖಲೆಯನ್ನು ನಾನೇ ನೋಡಿ, ಮತ ಹಾಕುವವರನ್ನು ದಾಖಲಿಸುವ 17ಎ ವಹಿಯಲ್ಲಿ ಸಹಿಯ ಜೊತೆ ಹೆಬ್ಬೆಟ್ಟನ್ನೂ ಹಾಕಿಸುತ್ತೇನೆ.

ಏಜೆಂಟ್ ಆಕ್ಷೇಪಿಸಿದರೆ ಎರಡು ರೂಪಾಯಿ ಠೇವಣಿ ಪಡೆಯಬೇಕು. ಬಂದವರಿಗೆ ಶಿಕ್ಷೆಯ ಎಚ್ಚರಿಕೆ ಕೊಟ್ಟು, ಪಟ್ಟಿಯ ನಮೂದನ್ನು ಪೂರ್ತಿ ಓದಿ, ‘ಇದು ನೀವೇನಾ?’ ಎಂದು ಕೇಳಿ, ಆಕ್ಷೇಪಿತ ಮತಗಳ ಪಟ್ಟಿಯಾದ ನಮೂನೆ 14ರಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿಸಬೇಕು. ಪುರಾವೆ ಒದಗಿಸುವ ಹೊಣೆ ಮೊದಲು ಆಕ್ಷೇಪಿಸಿದವರದು. ಸಾಬೀತಾಗದಿದ್ದರೆ ಮತ ಹಾಕಲು ಬಿಡಬೇಕು. ಸಾಬೀತಾದರೆ ತಡೆದು, ಲಿಖಿತ ದೂರಿನೊಂದಿಗೆ ಪೊಲೀಸರಿಗೆ ಒಪ್ಪಿಸಬೇಕು. ಆಕ್ಷೇಪ ಬರೀ ಕಿರುಕುಳಕ್ಕೆಂದು ಕಂಡರೆ ಠೇವಣಿ ಸರ್ಕಾರಕ್ಕೆ. ಹೆಸರಿನ ಅಕ್ಷರ ತಪ್ಪು, ವಯಸ್ಸಿನಲ್ಲಿ ಸಣ್ಣ ವ್ಯತ್ಯಾಸ ಇವು ಆಕ್ಷೇಪಕ್ಕೆ ಕಾರಣವಲ್ಲ. ಇದಕ್ಕಾಗಿ ಬಡವರನ್ನು ನಿಲ್ಲಿಸಿ ಪೀಡಿಸುವುದು ಘೋರ ಅನ್ಯಾಯ.

ಶಾಯಿ ಹಚ್ಚುವ ಮೊದಲು ಎಡ ತೋರುಬೆರಳನ್ನು ಬಟ್ಟೆಯಿಂದ ಒರೆಸಬೇಕು. ಎಣ್ಣೆಯಿದ್ದರೆ ಶಾಯಿಯ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿಯುವುದಿಲ್ಲ. ಗೆರೆ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಇರಲಿ. ಚರ್ಮದ ಕಲೆ ಬೇಗ ಮಾಸಿದರೂ ಉಗುರಿನದು ಉಗುರು ಬೆಳೆದ ಮೇಲೇ ಹೋಗುವುದು.

ಹೆಚ್ಚು ಎಡವಟ್ಟಾಗುವುದು ‘ನನ್ನ ವೋಟು ಯಾರೋ ಹಾಕಿದ್ದಾರೆ’ ಎಂದು ನಿಜವಾದ ಮತದಾರರು ಬಂದಾಗ. ಅವರನ್ನು ವಾಪಸ್ ಕಳುಹಿಸುವಂತಿಲ್ಲ, ಯಂತ್ರದಲ್ಲಿ ಹಾಕಿಸುವಂತೆಯೂ ಇಲ್ಲ. ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ ಚುನಾವಣೆ ನಡೆಸುವ ನಿಯಮಗಳ 49ಪಿ ಪ್ರಕಾರ ಟೆಂಡರ್ಡ್ ಮತಪತ್ರ, ಅಂದರೆ ಯಂತ್ರದ ಬದಲು ಕಾಗದದ ಮತಪತ್ರ, ಕೊಡಬೇಕು. ಸಹಿ ಇಂಥ ಮತಗಳ ಪಟ್ಟಿಯಾದ ನಮೂನೆ 17ಬಿಯಲ್ಲಿ. ಅಭ್ಯಾಸಬಲದಿಂದ 17ಎಯಲ್ಲಿ ಬರೆಸಿಬಿಟ್ಟರೆ ಸಂಜೆ ವಹಿಯ ಲೆಕ್ಕ ಮತಯಂತ್ರದ ಮತಗಳನ್ನು ದಾಖಲಿಸುವ ಕಂಟ್ರೋಲ್ ಯೂನಿಟ್‌ಗಿಂತ ಒಂದು ಹೆಚ್ಚು ತೋರಿಸುತ್ತದೆ. ಮತದಾರರು ಬಾಣದ ಅಡ್ಡಗುರುತಿನ ಮೊಹರು ಒತ್ತಿ, ಮಡಚಿ ಕೊಟ್ಟ ಪತ್ರವನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡಬೇಕು. ಎಣಿಕೆಯ ದಿನ ಅದನ್ನು ತೆರೆಯುವುದಿಲ್ಲ; ಚುನಾವಣಾ ತಕರಾರು ಅರ್ಜಿಯಲ್ಲಿ ನ್ಯಾಯಾಲಯ ಹೇಳಿದರೆ ಮಾತ್ರ ತೆರೆಯುತ್ತಾರೆ. ಈ ಮಾತನ್ನು ಮತದಾರರಿಗೆ ಅಲ್ಲೇ ಬಿಡಿಸಿ ಹೇಳುತ್ತೇನೆ.