ನಕಾಶೆ ಕೊಟ್ಟು ಮಾತಾಡಿಸಿದೆ: ಇಂಗ್ಲಿಷ್ ಆಡುಮಾತಿನ ಸಂಕಥನ ಸೂಚಕಗಳನ್ನು ಹಿಡಿದ ನನ್ನ ಅನುಭವ

ಧಾರವಾಡದ ಪದವಿ ವಿದ್ಯಾರ್ಥಿಗಳು ಇಂಗ್ಲಿಷ್ ಮಾತಾಡುವಾಗ 'ಸೋ', 'ವೆಲ್', 'ಆ್ಯಕ್ಚುಲಿ', 'ಐ ಮೀನ್', 'ಯು ನೋ' ಮುಂತಾದ ಸಂಕಥನ ಸೂಚಕಗಳಿಂದ, ಅಂದರೆ ಮಾತಿಗೆ ಮಾತು ಜೋಡಿಸುವ ಸಣ್ಣ ನುಡಿಗಳಿಂದ, ಏನು ಕೆಲಸ ತೆಗೆಯುತ್ತಾರೆ ಎಂಬುದನ್ನು ನೋಡಲು ನಾನು ಹೊರಟಾಗ, ನನ್ನ ವಿಧಾನವನ್ನು ನಂಬಿದವರು ಬೆರಳೆಣಿಕೆಯಷ್ಟು ಜನ. ಇಬ್ಬರು ಗೆಳೆಯರ ಕೈಗೆ ಒಂದೊಂದು ನಕಾಶೆ ಕೊಟ್ಟು, ಒಬ್ಬರು ಇನ್ನೊಬ್ಬರಿಗೆ ದಾರಿ ಹೇಳುವಂತೆ ಮಾಡಿ, ಆ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತೇನೆ ಎಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಇದೇನ್ರೀ ಸರ, ಪಿಎಚ್‌ಡಿಗೆ ಹುಡುಗುರ ಆಟ ಹಚ್ಚೀರಿ? ಐದು ನಿಮಿಷಕ್ಕ ಕನ್ನಡಕ್ಕ ಇಳೀತಾರ ನೋಡ್ರಿ" ಎಂದು ನಕ್ಕಿದ್ದರು. ಪ್ರಬಂಧ ಒಪ್ಪಿಗೆಯಾಗಿದೆ. ಈಗ ಅವರ ವಿದ್ಯಾರ್ಥಿಗಳೇ ನಕಾಶೆ ಕೇಳಿಕೊಂಡು ಬರುತ್ತಿರುವುದರಿಂದ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಭಾಷಾವಿಜ್ಞಾನಿ ಶಿಫ್ರಿನ್ 1987ರಲ್ಲಿ ಎತ್ತಿಕೊಂಡ 11 ಸೂಚಕಗಳು, ಫ್ರೇಜರ್ ಅವರ ವರ್ಗೀಕರಣ, ಬ್ಲೇಕ್‌ಮೋರ್ ಅವರ ವಾದ, ಇವೆಲ್ಲ ಈ ಕ್ಷೇತ್ರದಲ್ಲಿರುವವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವುಗಳ ತಂಟೆಗೆ ಹೋಗುವುದಿಲ್ಲ.

ಶಿಫ್ರಿನ್ ಅವರ ಸಾಮಗ್ರಿ ಫಿಲಡೆಲ್ಫಿಯಾದ ಸಂದರ್ಶನಗಳಿಂದ ಬಂದದ್ದು. ನಾನೂ ಸಂದರ್ಶನದಿಂದಲೇ ಆರಂಭಿಸಿದೆ. ಆದರೆ ಅಲ್ಲಿಯವರು ತಮ್ಮ ಮನೆಯಲ್ಲಿ ಕುಳಿತು, ಪರಿಚಯವಿದ್ದವರ ನಡುವೆ, ತಮ್ಮದೇ ಭಾಷೆಯಲ್ಲಿ ವಾದ ಮಾಡುತ್ತಿದ್ದರು. ಇಲ್ಲಿ ಅಧ್ಯಾಪಕನೊಬ್ಬ ಮೈಕು ಹಿಡಿದು ಕೂತರೆ ವಿದ್ಯಾರ್ಥಿಗೆ ಮೌಖಿಕ ಪರೀಕ್ಷೆಯೇ ನೆನಪಾಗುತ್ತದೆ. ಸಪ್ತಾಪುರದ ಕೋಚಿಂಗ್ ತರಗತಿಗಳಲ್ಲಿ ಉರುಹೊಡೆದ 'ಮೈಸೆಲ್ಫ್'ನಿಂದ ಶುರುವಾಗಿ, ಊರು, ಹವ್ಯಾಸ, ಗುರಿ ಎಂದು ಒಂದೇ ಉಸಿರಿನಲ್ಲಿ ಮುಗಿದುಬಿಡುವ ಉತ್ತರಗಳೇ ಬಂದವು. ಸುಮಾರು ಆರು ಗಂಟೆಗಳ ಧ್ವನಿಮುದ್ರಣದಲ್ಲಿ 'ಸೋ' ಮತ್ತು 'ಓಕೆ' ಬಿಟ್ಟರೆ ಕೈಗೆ ಸಿಕ್ಕಿದ್ದು ಕಡಿಮೆ. 'ಯು ನೋ' ಹತ್ತು ಸಲವೂ ಬಂದಿರಲಿಲ್ಲ. ಹಾಂಗ್‌ಕಾಂಗ್ ವಿದ್ಯಾರ್ಥಿಗಳ ಬಗ್ಗೆ ಫಂಗ್ ಮತ್ತು ಕಾರ್ಟರ್ 2007ರಲ್ಲಿ ಕಂಡುಕೊಂಡದ್ದೂ ಹೆಚ್ಚುಕಡಿಮೆ ಇದೇ: 'ಆ್ಯಂಡ್', 'ಬಟ್', 'ಬಿಕಾಸ್', 'ಸೋ' ಧಾರಾಳ, 'ವೆಲ್', 'ಯು ನೋ', 'ಆ್ಯಕ್ಚುಲಿ' ವಿರಳ. ನಾನೂ ಅದನ್ನೇ ಧಾರವಾಡದ ಹೆಸರಿನಲ್ಲಿ ಇನ್ನೊಮ್ಮೆ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಇದೇ ಹುಡುಗರು ಸೆಮಿನಾರಿನ ತಯಾರಿಯಲ್ಲಿ ತಮ್ಮತಮ್ಮಲ್ಲಿ ತಕರಾರು ಮಾಡುವಾಗ ಮಾತಿಗೊಂದು 'ಆ್ಯಕ್ಚುಲಿ' ಹಾಕುವುದನ್ನು ಕಿವಿಯಾರೆ ಕೇಳಿದ್ದೆ. ಬಡತನವಿದ್ದದ್ದು ಸಂದರ್ಶನದಲ್ಲಿಯೇ ಹೊರತು ಮಾತಾಡುವವರಲ್ಲಿ ಅಲ್ಲ.

ಹಣ ಹೆಚ್ಚು ವ್ಯರ್ಥವಾದದ್ದು ಲಿಪ್ಯಂತರಕ್ಕೆ, ಅಂದರೆ ಧ್ವನಿ ಕೇಳಿ ಬರಹಕ್ಕೆ ಇಳಿಸುವುದಕ್ಕೆ. ಒಂದು ಟೈಪಿಂಗ್ ಕೇಂದ್ರಕ್ಕೆ ಗಂಟೆಯ ಧ್ವನಿಗೆ 800 ರೂಪಾಯಿಯಂತೆ ಕೊಟ್ಟೆ. ಅಚ್ಚುಕಟ್ಟಾದ, ವ್ಯಾಕರಣಶುದ್ಧವಾದ ಪ್ರತಿ ಬಂತು. ಅದರಲ್ಲಿ ಒಂದೇ ಒಂದು 'ಐ ಮೀನ್' ಇರಲಿಲ್ಲ. ನನಗೆ ಬೇಕಾದದ್ದನ್ನೆಲ್ಲ ಕಸವೆಂದು ಗುಡಿಸಿ, ಬೇಡವಾದದ್ದನ್ನು ಜೋಪಾನವಾಗಿ ಜೋಡಿಸಿ ಕೊಟ್ಟಿದ್ದರು. ಐದಾರು ಸಾವಿರ ಹಾಗೆ ನೀರಿಗೆ ಬಿತ್ತು. ಸ್ವಯಂಚಾಲಿತ ಲಿಪ್ಯಂತರ ತಂತ್ರಾಂಶಗಳನ್ನೂ ನೋಡಿದೆ. ಅವುಗಳಲ್ಲೂ ಹೆಚ್ಚಿನವು ತಡವರಿಕೆ ಮತ್ತು ಪುನರುಕ್ತಿಗಳನ್ನು ತಾವೇ ಒರೆಸಿಹಾಕುತ್ತವೆ. ಕಡೆಗೆ ಧ್ವನಿಯ ಜೊತೆಜೊತೆಗೇ ಟಿಪ್ಪಣಿ ಹಾಕುವ ಈಲ್ಯಾನ್ ತಂತ್ರಾಂಶ ತೆರೆದುಕೊಂಡು ನಾನೇ ಕೂತೆ. ವಿರಾಮ, ಮಾತಿನ ಮೇಲೆ ಮಾತು, ಎಳೆತ ಎಲ್ಲವನ್ನೂ ಗುರುತಿಸುವುದಾದರೆ ಒಂದು ಗಂಟೆಯ ಸಂಭಾಷಣೆಗೆ ಮೂವತ್ತು ಗಂಟೆಯ ಕೆಲಸವೆಂದು ಹಿಡಿಯಬೇಕು. ಅದಕ್ಕಿಂತ ಕಡಿಮೆಯಲ್ಲಿ ಮುಗಿಸಿದೆವು ಎನ್ನುವವರ ಪ್ರತಿಯನ್ನು ನಾನು ನಂಬುವುದಿಲ್ಲ.

ನಕಾಶೆಯ ಆಟ ನನ್ನದಲ್ಲ. ಎಡಿನ್‌ಬರೋ ಮತ್ತು ಗ್ಲಾಸ್ಗೋ ವಿಶ್ವವಿದ್ಯಾಲಯಗಳ ಸಂಶೋಧಕರು ಇದೇ ರೀತಿ 128 ಸಂಭಾಷಣೆಗಳ ಸಂಗ್ರಹ ಮಾಡಿ 1991ರಲ್ಲಿ ಅದರ ವಿವರ ಪ್ರಕಟಿಸಿದರು. ದಾರಿ ಹೇಳುವವರ ನಕಾಶೆಯಲ್ಲಿರುವ ಕೆಲವು ಗುರುತುಗಳು ಕೇಳುವವರ ನಕಾಶೆಯಲ್ಲಿ ಇರುವುದಿಲ್ಲ. ಆ ಹೊಂದಾಣಿಕೆಯಿಲ್ಲದ ಜಾಗದಲ್ಲಿಯೇ ಮಾತು ಎಡವುತ್ತದೆ, ಎಡವಿದಲ್ಲಿ ಸೂಚಕಗಳು ಹುಟ್ಟುತ್ತವೆ. ಅವರ ನಕಾಶೆಗಳನ್ನು ಬಿಟ್ಟು ನಮ್ಮ ಸೀಮೆಯ ಕೆರೆ, ಗುಡಿ, ಹಿಟ್ಟಿನ ಗಿರಣಿ, ನೀರಿನ ಟಾಕಿ, ಹುಣಸೆಮರ, ಬಸ್ ಸ್ಟ್ಯಾಂಡುಗಳನ್ನು ಇಟ್ಟು ಹೊಸದಾಗಿ ಬರೆಸಿದೆ. ಒಂದು ಎಚ್ಚರಿಕೆ ಕೊಡುತ್ತೇನೆ: ಬಾವಿಯನ್ನು ಮಾತ್ರ ಇಡಬೇಡಿ, ಆಮೇಲೆ ಪದ ಹುಡುಕುವ ಆ್ಯಂಟ್‌ಕಾಂಕ್ ತಂತ್ರಾಂಶದಲ್ಲಿ 'ವೆಲ್' ಹುಡುಕುವಾಗ ಸಾಲುಸಾಲು ಬಾವಿಗಳೇ ಎದ್ದುಬರುತ್ತವೆ. ಹೊಂದದ ಗುರುತುಗಳನ್ನು ದಾರಿಯ ಯಾವ ಭಾಗದಲ್ಲಿ, ಎಷ್ಟು ಅಂತರದಲ್ಲಿ ಇಟ್ಟರೆ ಮಾತು ಬಿಸಿಯೇರುತ್ತದೆ ಎಂಬುದು ಬಹಳ ತಿದ್ದಿದ ಮೇಲೆ ಸಿಕ್ಕ ಲೆಕ್ಕವಾದ್ದರಿಂದ ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಮೊದಲ ಮೂರು ನಿಮಿಷ ಮಾತಾಡಲು ಬಂದವರಿಗೆ ಏನು ಹೇಳಿ ಹೊರಗೆ ಬರುತ್ತೇನೆ ಎಂಬುದೂ ನನ್ನಲ್ಲಿಯೇ ಇರಲಿ.

ಧ್ವನಿಮುದ್ರಣಕ್ಕೆ ಸ್ಟುಡಿಯೋ ಬಾಡಿಗೆ ಹಿಡಿಯಲಿಲ್ಲ. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ನವಲಗುಂದದ ಜಮಖಾನೆಗಳನ್ನು ತೂಗುಹಾಕಿದ ಮೇಲೆ ಗುಂಯ್‌ಗುಡುವುದು ನಿಂತಿತು. ಫ್ಯಾನು ಬಂದ್ ಮಾಡಬೇಕಾದ್ದರಿಂದ ಏಪ್ರಿಲ್-ಮೇ ತಿಂಗಳು ಬಿಡಬೇಕು, ತಗಡಿನ ಮಾಡಿದ್ದರೆ ಮಳೆಗಾಲವನ್ನೂ ಬಿಡಬೇಕು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎರಡು ಕಾಲರ್ ಮೈಕುಗಳನ್ನು ಒಂದೇ ಪಿನ್ನಿಗೆ ಸೇರಿಸಿ, ಒಬ್ಬರ ಧ್ವನಿ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಬೀಳುವಂತೆ ಬೆಸುಗೆ ಹಾಕಿಸಿದೆ. ಇಬ್ಬರೂ ಒಟ್ಟಿಗೆ ಮಾತಾಡಿದ ಜಾಗದಲ್ಲಿ ಒಂದು ಕಡೆಯನ್ನು ಮುಚ್ಚಿ ಇನ್ನೊಂದನ್ನು ಕೇಳಲು ಸಾಧ್ಯವಾದದ್ದು ಇದರಿಂದಲೇ. ರೆಕಾರ್ಡರ್ ಸೇರಿ 12 ಸಾವಿರದ ಆಸುಪಾಸು ಖರ್ಚಾಯಿತು. ಬಂದವರಿಗೆ ತಲಾ 150 ರೂಪಾಯಿ, ಮೇಲೆ ಗಿರಮಿಟ್, ಚಹಾ ಕೊಟ್ಟೆ. ಗಿರಮಿಟ್ ಕಡ್ಡಾಯವಾಗಿ ಕೆಲಸ ಮುಗಿದ ಮೇಲೆಯೇ, ಏಕೆಂದರೆ ಮೊದಲೇ ಕೊಟ್ಟರೆ ಚುರುಮರಿ ಅಗಿಯುವ ಸದ್ದು ಕಾಲರ್ ಮೈಕಿನಲ್ಲಿ ಭರ್ಜರಿಯಾಗಿ ಕೇಳುತ್ತದೆ.

ಒಂದು ತುಣುಕನ್ನು ಹತ್ತಿರದಿಂದ ತೋರಿಸುತ್ತೇನೆ. ದಾರಿ ಹೇಳುವವಳು ಗುಡಿಯ ಹಿಂದೆ ತಿರುಗಲು ಹೇಳಿದ್ದಾಳೆ. ಕೇಳುವವಳು, "ಆ್ಯಕ್ಚುಲಿ, ಟೆಂಪಲ್ ಈಸ್ ನಾಟ್ ದೇರ್ ಇನ್ ಮೈನ್" ಎನ್ನುತ್ತಾಳೆ. ಮುಕ್ಕಾಲು ಸೆಕೆಂಡಿನಷ್ಟು ಮೌನ. ಆಮೇಲೆ ಮೊದಲನೆಯವಳು, "ಓಕೆ... ಸೋ, ಐ ಮೀನ್, ಟ್ಯಾಂಕ್ ಯು ಹ್ಯಾವ್, ನೋ?" ಎನ್ನುತ್ತಾಳೆ. ಕಾಗದದ ಮೇಲೆ ಈ 'ಓಕೆ' ಒಪ್ಪಿಗೆಯಂತೆ ಕಾಣುತ್ತದೆ. ಧ್ವನಿಯಲ್ಲಿ ಅದು ತಗ್ಗಿ, ಎಳೆದು, ಏರಿಳಿತವಿಲ್ಲದೆ ನಿಂತಿದೆ. ಧ್ವನಿಯನ್ನು ಅಳೆಯುವ ಪ್ರಾಟ್ ತಂತ್ರಾಂಶದಲ್ಲಿ ಅದರ ಸ್ವರರೇಖೆ ಗೆರೆ ಹೊಡೆದಂತೆ ಸಪಾಟಾಗಿದೆ. ಅವಳು ಒಪ್ಪಿಲ್ಲ, ಸುದ್ದಿಯನ್ನು ಸ್ವೀಕರಿಸಿ ಹೊಸ ದಾರಿ ಹುಡುಕುತ್ತಿದ್ದಾಳೆ; 'ಸೋ' ಬಂದಾಗ ದಾರಿ ಸಿಕ್ಕಿದೆ, 'ಐ ಮೀನ್' ಹಿಂದೆ ಹೇಳಿದ ಸೂಚನೆಯನ್ನು ರದ್ದು ಮಾಡಿದೆ. ಕೇಳುವವಳ 'ಆ್ಯಕ್ಚುಲಿ'ಯಂತೂ ಗೆಳತಿಯ ಮಾತನ್ನು ತಳ್ಳಿಹಾಕುವ ಮುನ್ನ ಮೆತ್ತಗೆ ಬಾಗಿಲು ಬಡಿದಂತಿದೆ. ಒಂದೂವರೆ ವಾಕ್ಯದಲ್ಲಿ ನಾಲ್ಕು ಸೂಚಕಗಳು. ಸಂದರ್ಶನದಲ್ಲಿ ಇಷ್ಟಕ್ಕೆ ಅರ್ಧ ಗಂಟೆ ಕಾಯಬೇಕಿತ್ತು.

ಆದ್ದರಿಂದ ಸೂಚಕಗಳನ್ನು ಅವು ಮಾಡುವ ಕೆಲಸದಂತೆ ಲಿಪ್ಯಂತರ ನೋಡಿ ವರ್ಗೀಕರಿಸುವುದನ್ನು ಪೂರ್ತಿ ಕೈಬಿಟ್ಟೆ. 'ನೌ' ಎಂಬುದು ಕಾಲವಾಚಕವೋ ಸೂಚಕವೋ ಎಂಬುದನ್ನು ಸ್ವರಭಾರ ಮತ್ತು ಪದಗುಚ್ಛದಲ್ಲಿನ ಸ್ಥಾನದಿಂದ ತೀರ್ಮಾನಿಸಬಹುದೆಂದು ಹರ್ಷ್‌ಬರ್ಗ್ ಮತ್ತು ಲಿಟ್ಮನ್ 1993ರಲ್ಲಿಯೇ ತೋರಿಸಿದ್ದರೂ ನಮ್ಮಲ್ಲಿ ಇನ್ನೂ ಕಾಗದ ನೋಡಿಯೇ ಗುರುತು ಹಾಕುವ ರೂಢಿಯಿದೆ. ಇಬ್ಬರು ಎಂಎ ವಿದ್ಯಾರ್ಥಿಗಳನ್ನು ಕೂಡಿಸಿ, ಮೊದಲು ಕಾಗದದಿಂದ, ಆಮೇಲೆ ಧ್ವನಿಯಿಂದ ಗುರುತು ಹಾಕಿಸಿದೆ. ಕಾಗದದಲ್ಲಿ ಅವರ ಕಪ್ಪಾ ಮೌಲ್ಯ (ಇಬ್ಬರ ತೀರ್ಮಾನ ಎಷ್ಟು ಹೊಂದುತ್ತದೆಂಬ ಅಳತೆ, ಪೂರ್ತಿ ಹೊಂದಿದರೆ 1) 0.5ರ ಆಚೀಚೆ ಹೊಯ್ದಾಡುತ್ತಿತ್ತು. ಧ್ವನಿ ಕೇಳಿಸಿದ ಮೇಲೆ, ವರ್ಗಗಳನ್ನು ಹನ್ನೆರಡರಿಂದ ಐದಕ್ಕೆ ಇಳಿಸಿದ ಮೇಲೆ, 0.8ರ ಹತ್ತಿರ ಬಂತು. ಮಾರ್ಗದರ್ಶಕ ಸಮಿತಿಯ ಬಾಯಿ ಮುಚ್ಚಿಸಿದ್ದು ಈ ಒಂದು ಅಂಕಿ.

ಜಮಖಾನೆ ಇದ್ದೇ ಇತ್ತಲ್ಲ ಎಂದು, ಕೆಲವು ಜೋಡಿಗಳ ನಡುವೆ ಒಂದನ್ನು ಪರದೆಯಾಗಿ ಇಳಿಬಿಟ್ಟೂ ನೋಡಿದೆ. ಎಡಿನ್‌ಬರೋದವರೂ ಅರ್ಧದಷ್ಟು ಜೋಡಿಗಳ ದೃಷ್ಟಿ ಸೇರದಂತೆ ಮಾಡಿದ್ದರು. ತಲೆಯಾಡಿಸುವುದು ಕಾಣದಾದಾಗ 'ಓಕೆ' ಮತ್ತು 'ಯಾ' ಒಂದೂವರೆ ಪಟ್ಟಿನಷ್ಟಾದವು. 'ಯು ನೋ' ಇದ್ದಷ್ಟೇ ಇತ್ತು. ಅದೇ ಜೋಡಿಗಳಿಂದ ಫೋನಿನಲ್ಲಿಯೂ ಮಾಡಿಸಿದೆ, ಆದರೆ ಫೋನಿನ ಧ್ವನಿಯಲ್ಲಿ ಸ್ವರರೇಖೆ ಮುರಿದುಮುರಿದು ಬಂದದ್ದರಿಂದ ಬಿಟ್ಟುಬಿಟ್ಟೆ.

ಇನ್ನು ಆ ಹಿರಿಯ ಸಹೋದ್ಯೋಗಿ ಹೇಳಿದ್ದ, ಕನ್ನಡಕ್ಕೆ ಇಳಿಯುವ ಮಾತು. ಇಳಿದರು, ಸುಳ್ಳಲ್ಲ, ಆದರೆ ಇಳಿದದ್ದು ಎಲ್ಲಿ ಎಂಬುದೇ ನನ್ನ ಪ್ರಬಂಧದ ಅತ್ಯಂತ ಗಟ್ಟಿಯಾದ ಅಧ್ಯಾಯವಾಯಿತು. ದಿಕ್ಕು, ಗುರುತು, ಅಂತರ ಎಲ್ಲ ಇಂಗ್ಲಿಷಿನಲ್ಲಿಯೇ ಉಳಿದು, ಅಂಚಿನ ಮಾತುಗಳಾದ 'ಅಂದ್ರ', 'ಹೌದಿಲ್ಲೋ', 'ಏ ಅಲ್ಲಲೇ', 'ತಡಿ ತಡಿ' ಕನ್ನಡದಲ್ಲಿ ಬಂದವು. ಎರಡು ಭಾಷೆ ಆಡುವವರ ಮಾತಿನಲ್ಲಿ ಮೊದಲು ಗಡಿ ದಾಟುವುದು ಇಂಥ ನುಡಿಗಳೇ ಎಂದು ಮಾಟ್ರಾಸ್ 1998ರಲ್ಲಿ ವಾದಿಸಿದ್ದರು. ಅದಕ್ಕೆ ಧಾರವಾಡದ ಸಾಕ್ಷ್ಯ ಇಲ್ಲಿದೆ. ಇವನ್ನು ದೋಷವೆಂದು ಕತ್ತರಿಸುವ ಬದಲು ಈಲ್ಯಾನ್‌ನಲ್ಲಿ ಬೇರೆಯೇ ಒಂದು ಸಾಲು ತೆರೆದು ಇಟ್ಟುಕೊಳ್ಳಿ. ಹೋಲಿಕೆಗೆ ದೂರ ಹೋಗಬೇಕಿಲ್ಲ. ಅಂತರರಾಷ್ಟ್ರೀಯ ಇಂಗ್ಲಿಷ್ ಪಠ್ಯಕೋಶದ (ಅಧ್ಯಯನಕ್ಕೆಂದು ಕೂಡಿಸಿದ ಮಾತು-ಬರಹಗಳ ಸಂಗ್ರಹದ) ಭಾರತೀಯ ಭಾಗದ ಕೆಲಸ ನಡೆದದ್ದು ನಮ್ಮ ನೆರೆಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ. ಆ ಯೋಜನೆಯ ವಿನ್ಯಾಸದಂತೆ 500 ಪಠ್ಯಗಳಲ್ಲಿ 300 ಆಡುಮಾತಿನವು. ಅಲ್ಲಿಯದೇ ಹಳೆಯ ಕೊಲ್ಹಾಪುರ ಪಠ್ಯಕೋಶ 1978ರ ಮುದ್ರಿತ ಬರಹಗಳದ್ದಾದ್ದರಿಂದ ಈ ಕೆಲಸಕ್ಕೆ ಒದಗುವುದಿಲ್ಲ.

ಎಲ್ಲ ಸೇರಿ, ನೀರಿಗೆ ಬಿದ್ದದ್ದನ್ನೂ ಹಿಡಿದು, 45 ಸಾವಿರದ ಒಳಗೆ ಮುಗಿಯಿತು. ಸುಮಾರು ಒಂಬತ್ತು ಗಂಟೆಗಳ ಸಂಭಾಷಣೆ ಕೈಯಲ್ಲಿದೆ. ಗುರುತು ಹಾಕಿದ ಇಬ್ಬರೂ ಎಷ್ಟು ಸಲ ಕೇಳಿದರೂ ಒಮ್ಮತಕ್ಕೆ ಬಾರದ ಸುಮಾರು ನೂರು 'ಓಕೆ'ಗಳು ಉಳಿದಿವೆ. ಅವನ್ನು ಯಾವ ವರ್ಗಕ್ಕೂ ತುರುಕದೆ ಪ್ರತ್ಯೇಕ ಪಟ್ಟಿಯಲ್ಲಿಯೇ ಕೊಟ್ಟಿದ್ದೇನೆ. ನಕಾಶೆ ಬೇಕೆನ್ನುವವರಿಗೆ ಎರಡನ್ನು ಬಿಟ್ಟು ಉಳಿದವನ್ನು ಕೊಡುತ್ತೇನೆ.