ಸತ್ತ ಲ್ಯಾಪ್‌ಟಾಪಿನ ಡಿಸ್ಕು, ಮದುವೆ ಕಾರ್ಡಿನ ಆಸರೆ

ಕಳೆದ ಮಳೆಗಾಲದಲ್ಲಿ ಅಂಗಡಿಯ ಹಂಚು ಸೋರಿ ಲಗ್ನಪತ್ರಿಕೆ ಜೋಡಿಸುವ ನನ್ನ ಡಿಟಿಪಿ ಲ್ಯಾಪ್‌ಟಾಪ್ ಸತ್ತಿತು. ಬೋರ್ಡ್ ಬದಲಿಸಲು 9 ಸಾವಿರದ ಹತ್ತಿರ ಕೇಳಿದರು. ಹುಬ್ಬಳ್ಳಿಯಲ್ಲಿ 13-14 ಸಾವಿರಕ್ಕೆ ಸೆಕೆಂಡ್ ಹ್ಯಾಂಡೇ ಸಿಕ್ಕಿತು. ಹಳೇ ಡಿಸ್ಕನ್ನು ವಿಂಡೋಸ್ 10 ಸಮೇತ ಇದಕ್ಕೆ ಕೂರಿಸ್ತೀನಿ ಅಂದರೆ ರಿಪೇರಿಯವರು ನಕ್ಕರು. ‘ಕಂಪನಿಯೇ ಬೇರೆ, ಬೂಟ್ ಆಗಲ್ಲ, ಅಂದ್ರೆ ಶುರುವೇ ಆಗಲ್ಲ. ಫಾರ್ಮ್ಯಾಟ್ ಹೊಡೀರಿ.’

ಹೊಡೀಬಹುದು. ಆದರೆ ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪಿಂಗಿನ ನುಡಿ, ಬರಹ, ಹತ್ತು ವರ್ಷ ಕೂಡಿಟ್ಟ ಫಾಂಟು, ಎಲ್ಲ ಮತ್ತೆ ಹಾಕೋರು ಯಾರು? ಮೊದಲು 350 ರೂಪಾಯಿಯ ಯುಎಸ್‌ಬಿ ಕೇಸಿಗೆ ಡಿಸ್ಕ್ ಹಾಕಿ ಫೈಲುಗಳನ್ನು ಬೇರೆ ಕಡೆ ಇಳಿಸಿಕೊಂಡೆ. ಹೊಸದರಲ್ಲಿ ಸುಮ್ನೆ ಒಂದು ಲಗ್ನಪತ್ರಿಕೆ ತೆರೆದು ನೋಡಿದರೆ, ವಧುವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣೋ ಯೂನಿಕೋಡ್ ಅಲ್ವಲ್ಲ, ಆ ಹಳೇ ಫಾಂಟು ಇಲ್ಲದಿದ್ದರೆ ಹೀಗೇ! ಹಟ ಇನ್ನೂ ಜಾಸ್ತಿ ಆಯಿತು.

ನನ್ನ ಡಿಸ್ಕ್ 7 ಮಿಮೀ, ಹೊಸದರ ಗೂಡು 9.5 ಮಿಮೀ. ಅಲ್ಲಾಡುತ್ತಿತ್ತು. 300 ಜಿಎಸ್‌ಎಂನ ದಪ್ಪ ಮದುವೆ ಕಾರ್ಡನ್ನು ಕತ್ತರಿಸಿ ಐದಾರು ಪದರ ಇಟ್ಟೆ. ಡಿಸ್ಕಿನ ಗಾಳಿ ತೂತು ಮಾತ್ರ ಮುಚ್ಚಲಿಲ್ಲ. ಬಿಗಿಯಾಗಿ ಕೂತಿತು.

ಆನ್ ಮಾಡಿದರೆ ಬೂಟ್ ಡಿಸ್ಕೇ ಇಲ್ಲ ಅಂತು. ಬಯಾಸಿಗೆ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆಗೆ ಹೋಗಿ, ಸೆಕ್ಯೂರ್ ಬೂಟ್ ತೆಗೆದು ಹಳೇ ಪದ್ಧತಿಯ ಲೆಗಸಿಗೆ ಹಾಕಿದೆ. ಆಮೇಲೆ ನೀಲಿ ಪರದೆ: ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ರಾತ್ರಿ ಎರಡರ ತನಕ ಸ್ಟಾರ್ಟಪ್ ರಿಪೇರಿ ಓಡಿಸಿದೆ, ದಂಡ. ಸಿಟ್ಟಿಗೆ ಹಳೇ ರ‍್ಯಾಮ್ ಕಿತ್ತು ಹಾಕಲು ಹೋದೆ. ಅದು ಡಿಡಿಆರ್3, ಇದು ಅದರ ಮುಂದಿನ ತಲೆಮಾರಿನ ಡಿಡಿಆರ್4. ಕಚ್ಚೇ ಬೇರೆ ಜಾಗದಲ್ಲಿ.

ಬೆಳಿಗ್ಗೆ ಚಹಾ ಕುಡೀತಾ ಬಯಾಸ್ ತಿರುವುವಾಗ ಕಣ್ಣಿಗೆ ಬಿತ್ತು. ಡಿಸ್ಕಿನ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ರೇಡ್‌ನಲ್ಲಿತ್ತು, ಹಳೇದು ಎಎಚ್‌ಸಿಐ. ಅದಕ್ಕೇ ವಿಂಡೋಸ್‌ಗೆ ಡಿಸ್ಕ್ ಸಿಗುತ್ತಿರಲಿಲ್ಲ. ಬದಲಿಸಿದೆ. ಚುಕ್ಕಿಗಳು ಸುತ್ತಿದವು, ಶೇಕಡಾ ಏರಿತು, ಸುಮಾರು 25 ನಿಮಿಷಕ್ಕೆ ನನ್ನ ಹಳೇ ಡೆಸ್ಕ್‌ಟಾಪ್, ಅದೇ ಗಣಪತಿ ವಾಲ್‌ಪೇಪರ್! ಫೋಟೋ ತೆಗೆದು ರಿಪೇರಿಯವರಿಗೆ ಕಳಿಸಿದೆ. ಉತ್ತರ ಇಲ್ಲ.

ಹಳೇ ಡ್ರೈವರುಗಳ ಕಸ ಯಾವ ಕ್ರಮದಲ್ಲಿ ತೆಗೆದೆ ಅಂತ ಹೇಳಲ್ಲ. ಈಗ ಅದಕ್ಕೆ ಗಿರಾಕಿಗಳು ಬರ್ತಿದ್ದಾರೆ, 500 ತಗೋತೀನಿ. ವಿಂಡೋಸ್ ಲೈಸೆನ್ಸ್ ಮಾತ್ರ ಹಳೇ ಬೋರ್ಡಿನ ಜೊತೆಗೇ ಹೋಯಿತು. ಹೊಸದಕ್ಕೆ ಮತ್ತೆ ದುಡ್ಡು.

ಸತ್ತದ್ದರ ಪರದೆ ಚೆನ್ನಾಗಿದೆ. ಕಂಟ್ರೋಲರ್ ಬೋರ್ಡ್ ಸಿಕ್ಕರೆ ಮಾನಿಟರ್ ಮಾಡಬೇಕು. ಹಂಚು ಇನ್ನೂ ಹಾಕಿಸಿಲ್ಲ.