ಓಣಿಯ ಮಾತು ಪಾಲಿಕೆಗೆ ಮುಟ್ಟಬೇಕಾದರೆ: ನಾಗರಿಕರ ಸಭೆ ಮಾಡುವುದು ಹೇಗೆ?

ನಾವು ಮೊದಲ ಸಭೆ ಇಟ್ಟಿದ್ದು ಒಂದು ಭಾನುವಾರ ಬೆಳಿಗ್ಗೆ 11 ಗಂಟೆಗೆ, ನಮ್ಮ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ. ಪುಣೆಯಲ್ಲಿ ನಾವಿರುವ ಕಡೆಯ ರಸ್ತೆ, ನಾಲಾ, ಬೀದಿದೀಪಗಳ ಬಗ್ಗೆ ಜನ ಏನಂತಾರೆ ಕೇಳಿ, ಬರೆದು, ಪಾಲಿಕೆಗೆ ಕೊಡೋಣ ಅಂತ. 40 ಜನ ಬಂದರು. ಎರಡು ಗಂಟೆ ಮಾತಾಡಿದೆವು. ಅದರಲ್ಲಿ ಜಾಸ್ತಿ ಹೊತ್ತು ಕಾರು ನಿಲ್ಲಿಸುವ ಜಾಗದ ವಿಷಯಕ್ಕೇ ಹೋಯಿತು.

ಕುರ್ಚಿ ಮಡಚುವಾಗ ಸಿಂದಗಿ ಕಡೆಯ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತಳು. ನಮ್ಮ ಬಿಲ್ಡಿಂಗಿನ ಮೂರು ಮನೆಗಳ ಪಾತ್ರೆ ಮುಗಿಸಿ ಹೊರಟಿದ್ದಳು. "ಏನ್ ಮೀಟಿಂಗ್ರೀ ಅಕ್ಕಾರ?" ಅಂತ ಕೇಳಿದಳು. ಹೇಳಿದೆ. "ಹಂಗಾರ ಆ ನಾಲಾದ ಕಡೆ ಒಂದು ಲೈಟ್ ಹಾಕ್ಸಾಕ ಹೇಳ್ರಿ. ನಾವು ಮುಂಜಾನೆ ಐದೂವರಿಗೆ ಬರ್ತೀವ್ರಿ, ಕತ್ತಲ ಇರ್ತದ. ಮೊಬೈಲ್ ಬ್ಯಾಟರಿ ಹಚ್ಕೊಂಡು ದಾಟ್ತೀವಿ" ಅಂದಳು.

ಅಷ್ಟು ಹೊತ್ತಿನ ಮಾತಿನಲ್ಲಿ ಆ ದೀಪದ ಸುದ್ದಿ ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ಆ ಹೊತ್ತಿಗೆ ಆ ದಾರಿಯಲ್ಲಿ ನಡೆಯುವವರು ಯಾರೂ ಹಾಲಿನೊಳಗೆ ಇರಲಿಲ್ಲ. ಆಮೇಲೆ ನಾವು ಮಾಡಿದ ಪ್ರತಿ ಸಭೆಯಲ್ಲೂ ಮೊದಲು ಕೇಳಿಕೊಂಡಿದ್ದು ಇದನ್ನೇ: ಯಾರು ಬಂದಿಲ್ಲ, ಯಾಕೆ ಬಂದಿಲ್ಲ? ಕೆಳಗೆ ಬರೆದಿದ್ದೆಲ್ಲ ಆ ಪ್ರಶ್ನೆ ಹಿಡಿದು ಕಲಿತಿದ್ದು.

ತಾರೀಕು ಹಿಡಿಯುವ ಮೊದಲು

ಸಭೆಯ ದಿನ ನಮ್ಮ ಬಿಡುವು ನೋಡಿ ಗೊತ್ತುಮಾಡುವುದಲ್ಲ. ಪಾಲಿಕೆ ಕಾಗದ ತೆಗೆದುಕೊಳ್ಳುವ ಕಾಲ ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಪುಣೆ ಮಹಾನಗರಪಾಲಿಕೆಯಲ್ಲಿ 2006ರಿಂದ ಒಂದು ಒಳ್ಳೆಯ ಪದ್ಧತಿ ಇದೆ. ನಿಮ್ಮ ಪ್ರಭಾಗದಲ್ಲಿ, ಅಂದರೆ ವಾರ್ಡಿನಲ್ಲಿ, ಯಾವ ಸಣ್ಣ ಕೆಲಸ ಆಗಬೇಕು ಅಂತ ನೀವೇ ಸೂಚಿಸಬಹುದು. ಫುಟ್‌ಪಾತ್ ರಿಪೇರಿ, ಬೀದಿದೀಪ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯ, ಇಂಥವು. ಒಂದು ಕೆಲಸಕ್ಕೆ 5 ಲಕ್ಷ ರೂಪಾಯಿ ಮಿತಿ. ಅರ್ಜಿಯನ್ನು ಕ್ಷೇತ್ರೀಯ ಕಚೇರಿಯಲ್ಲಿ ಕೊಡಬೇಕು. ಊರಲ್ಲಿ ಅಂಥ 15 ಕಚೇರಿಗಳಿವೆ. ಅರ್ಜಿ ಒಪ್ಪಿಗೆಯಾದರೆ ಮುಂದಿನ ಏಪ್ರಿಲ್‌ನಿಂದ ಶುರುವಾಗುವ ವರ್ಷದ ಬಜೆಟಿನಲ್ಲಿ ಆ ಕೆಲಸ ಸೇರುತ್ತದೆ. ಅರ್ಜಿ ಕರೆಯುವುದು ಸಾಮಾನ್ಯವಾಗಿ ಗಣಪತಿ ಹಬ್ಬದ ಆಸುಪಾಸಿನಲ್ಲಿ. ಗಡುವು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತದೆ, ಹೋಗಿ ಕೇಳಿಕೊಳ್ಳಿ.

ಹಾಗಾಗಿ ಸಭೆಗೆ ಒಳ್ಳೆಯ ಕಾಲ ಆಷಾಢದ ವಾರಿಯ ಪಾಲಖಿಗಳು ಪಂಢರಪುರದ ದಾರಿ ಹಿಡಿದ ಮೇಲೆ, ಗಣಪತಿ ಕೂರುವ ಮೊದಲು. ಆಗ ಮಳೆಯೂ ಇರುತ್ತದೆ. ನೀರು ಎಲ್ಲಿ ನಿಲ್ಲುತ್ತದೆ ಅಂತ ಯಾರಿಗೂ ವಾದ ಮಾಡಿ ತೋರಿಸಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ.

ಜಾಗ ಯಾರದು ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ. ಪಿಂಪ್ರಿ-ಚಿಂಚವಾಡದ ಪಾಲಿಕೆ ಬೇರೆ. ಸೊಸೈಟಿಯ ಕಾಂಪೌಂಡಿನ ಒಳಗಿನ ಕೆಲಸಕ್ಕೆ ಪಾಲಿಕೆಯ ದುಡ್ಡು ಬರುವುದಿಲ್ಲ. ಮುಂಬೈಯವರಾದರೆ ವಾರ್ಡ್ ಆಫೀಸು ಹುಡುಕಿ. ಅಲ್ಲಿ ವಾರ್ಡುಗಳಿಗೆ ಅಕ್ಷರದ ಹೆಸರು, ಮಾಟುಂಗಾ ಪೂರ್ವದ ನಮ್ಮ ಕನ್ನಡ ಜನಕ್ಕೆ ಎಫ್ ನಾರ್ಥ್.

ಕರೆಯುವುದು

ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಿದರೆ ಗ್ರೂಪಿನಲ್ಲಿ ಇರುವವರಷ್ಟೇ ಬರುತ್ತಾರೆ. ವಸ್ತಿಯ (ಝೋಪಡಪಟ್ಟಿಯ) ಜನ, ವಾಚ್‌ಮನ್, ತರಕಾರಿ ಗಾಡಿಯವರು, ಕಟ್ಟಡ ಕೆಲಸಕ್ಕೆ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರು, ಇವರು ಯಾವ ಗ್ರೂಪಿನಲ್ಲಿದ್ದಾರೆ? ಬೆಳಿಗ್ಗೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಮಜೂರಿ ನಾಕಾಕ್ಕೆ ಹೋಗಿ ಬಾಯಲ್ಲೇ ಹೇಳಿ. ಕೂಲಿಯವರನ್ನು ಕೆಲಸಕ್ಕೆ ಕರೆದೊಯ್ಯುವ ಮುಕಾದಮರಿಗೆ ಒಂದು ಮಾತು ಹೇಳಿ. ಹಿಟ್ಟಿನ ಗಿರಣಿ, ರೇಷನ್ ಅಂಗಡಿಯ ಮುಂದೆ ಕೈಬರಹದ ಕಾಗದ ಅಂಟಿಸಿ, ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಒಂದು. ನಾಕಾದಲ್ಲಿ ಕನ್ನಡ ಕೇಳಿದ ಕೂಡಲೇ ಜನ ಹತ್ತಿರ ಬರುತ್ತಾರೆ. "ನಮ್ಮ ಕಡೆಯವರಽ ಏನ್ರಿ?" ಅಂತ ಮಾತು ಶುರುವಾಗುತ್ತದೆ. ಪರ ಊರಲ್ಲಿ ನಮ್ಮ ಭಾಷೆ ಇಂಥ ಕೆಲಸಕ್ಕೆ ಬರುವುದು ನನಗೆ ತುಂಬಾ ಸಂತೋಷದ ವಿಷಯ.

ಒಂದೇ ಸಭೆ ಸಾಲದು. ಒಂದನ್ನು ಭಾನುವಾರ ಸಂಜೆ ಇಡಿ, ಇನ್ನೊಂದನ್ನು ವಾರದ ನಡುವೆ ಮಧ್ಯಾಹ್ನ ಎರಡರ ಮೇಲೆ. ಮನೆಗೆಲಸದವರಿಗೆ ಆಗ ಒಂದು ಗಂಟೆ ಸಿಗುತ್ತದೆ. ಸೊಸೈಟಿಯ ಹಾಲ್ ಬೇಡ, ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಬರಬೇಕು ಅಂದರೆ ಅರ್ಧ ಜನ ಅಲ್ಲಿಂದಲೇ ತಿರುಗಿ ಹೋಗುತ್ತಾರೆ. ಗುಡಿಯ ಅಂಗಳ, ಅಂಗನವಾಡಿ, ಪಾಲಿಕೆಯ ಶಾಲೆ, ಇವು ಎಲ್ಲರ ಜಾಗ. ಕುರ್ಚಿ ಹಾಕಬೇಡಿ, ಜಮಖಾನೆ ಹಾಸಿ. ಮೊಣಕಾಲು ನೋವಿನವರಿಗೆ ನಾಲ್ಕು ಕುರ್ಚಿ ಇದ್ದರೆ ಸಾಕು.

ಸಭೆಗೆ ಮೊದಲು ನಡೆಯಿರಿ

ನಾಲ್ಕೈದು ಜನ ಸೇರಿ ಒಂದು ಸಲ ಬೆಳಿಗ್ಗೆ ಬೇಗ, ಒಂದು ಸಲ ರಾತ್ರಿ ಊಟದ ಮೇಲೆ ಇಡೀ ಓಣಿ ನಡೆಯಿರಿ. ಟೇಪು, ಸೀಮೆಸುಣ್ಣ, ಫೋನು ಇರಲಿ. ಫುಟ್‌ಪಾತಿಗೆ ದೇಶದಲ್ಲಿ ಒಂದು ಲೆಕ್ಕ ಇದೆ: ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ನಡೆಯಲು ಅಡ್ಡಿಯಿಲ್ಲದ ಅಗಲ ಕಡಿಮೆ ಅಂದರೂ 1.8 ಮೀಟರ್ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ದಾಟಬಾರದು. "ಫುಟ್‌ಪಾತ್ ಸರಿ ಇಲ್ಲ" ಅಂದರೆ ಯಾರೂ ಕೇಳುವುದಿಲ್ಲ. "ದವಾಖಾನೆಯ ಮುಂದೆ 0.7 ಮೀಟರ್ ಉಳಿದಿದೆ" ಅಂದರೆ ಇಂಜಿನಿಯರ್ ತಲೆ ಎತ್ತಿ ನೋಡುತ್ತಾರೆ.

ಹೀಗೆ ನಡೆದು ಊರನ್ನು ತಿಳಿಯುವ ಪಾಠ ಹಳೆಯದು. ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದು ಊರೂರು ಸುತ್ತಿದರು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯ ಬಗ್ಗೆಯೂ ವರದಿ ಬರೆದರು. 1919ರಲ್ಲಿ ಮುಂಬೈ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರಾಗಿ ಬಂದರು. ನಕ್ಷೆಗೆ ಗೆರೆ ಎಳೆಯುವ ಮೊದಲು ಬೀದಿಯಲ್ಲಿ ನಡೆದು ನೋಡಬೇಕು, ಆದಷ್ಟು ಕಡಿಮೆ ಕೆಡವಬೇಕು ಅನ್ನುವುದು ಅವರ ಹಟ.

ನಡೆಯುವಾಗ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. ಪುಣೆಯ ಹಳಬರಿಗೆ 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ನೀರು ಎಲ್ಲಿಯವರೆಗೆ ಬಂದಿತ್ತು ಅಂತ ನೆನಪಿದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಅನ್ನುವ ಹಳ್ಳ ಉಕ್ಕಿ ಜೀವಗಳು ಹೋದವು. ಅಂಥ ಹಳ್ಳದ ಪಕ್ಕ ಬದುಕುವವರಿಗೆ ನೀರು ಮೊದಲು ಯಾವ ಮೋರಿಯಲ್ಲಿ ಕಟ್ಟುತ್ತದೆ, ಯಾವ ಗೋಡೆ ದಾಟುತ್ತದೆ ಅಂತ ಗೊತ್ತು. ಅದನ್ನು ನಕ್ಷೆಯ ಮೇಲೆ ತರಬೇಕಾದವರು ನಾವು.

ನಕ್ಷೆ ಮತ್ತು ಟಿಕಲಿ

ನಾಲ್ಕು ಚಾರ್ಟ್ ಪೇಪರ್ ಜೋಡಿಸಿ ಓಣಿಯ ನಕ್ಷೆ ಬರೆಯಿರಿ. ಅಂದಗಾಣಬೇಕಾಗಿಲ್ಲ. ರಸ್ತೆಯ ಸರ್ಕಾರಿ ಹೆಸರು ಬೇಡ, ಜನ ಹೇಳುವ ಗುರುತು ಹಾಕಿ: ಮಾರುತಿ ಗುಡಿ, ಗಿರಣಿ, ವಡಾಪಾವ್ ಗಾಡಿ, ಟ್ಯಾಂಕರ್ ನಿಲ್ಲುವ ಮೂಲೆ. ಇದನ್ನು ಗೋಡೆಗೆ ತೂಗಹಾಕಬೇಡಿ, ನೆಲದ ಮೇಲೆ ಹಾಸಿ. ಗೋಡೆಗೆ ಹಾಕಿದರೆ ಒಬ್ಬರು ಮಾಸ್ತರ ಹಾಗೆ ನಿಂತು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ನೆಲದ ಮೇಲಿದ್ದರೆ ಎಲ್ಲರೂ ಸುತ್ತ ಕೂತು ಬೊಟ್ಟು ಇಡುತ್ತಾರೆ.

ಬೊಟ್ಟು ಇಡಲು ಬಳೆ ಅಂಗಡಿಯ ಟಿಕಲಿ ಪ್ಯಾಕೆಟ್ ತನ್ನಿ. ಕೆಂಪು ಟಿಕಲಿ ಅಂದರೆ ಇಲ್ಲಿ ಅಪಾಯ. ಹಸಿರು ಅಂದರೆ ಇಲ್ಲಿ ಏನಾದರೂ ಬೇಕು. ಓದು ಬರಹ ಬಾರದವರೂ ಹಣೆಗೆ ಇಡುವ ಬೊಟ್ಟನ್ನು ಕಾಗದಕ್ಕೆ ಇಡಲು ಹೆದರುವುದಿಲ್ಲ. ನಮ್ಮ ಎರಡನೇ ಸಭೆಯಲ್ಲಿ ನಾಲಾದ ಸೇತುವೆಯ ಹತ್ತಿರ 19 ಕೆಂಪು ಟಿಕಲಿ ಕೂತವು, ಕಾಗದವೇ ಕಾಣದಷ್ಟು. ಕಾರಿನ ಜಾಗಕ್ಕೆ ಬಿದ್ದಿದ್ದು ಆರು.

ಸಭೆ ನಡೆಸುವಾಗ

ಮೊದಲ ಮುಕ್ಕಾಲು ಗಂಟೆ ಮೈಕ್ ಬೇಡ. ಏಳೆಂಟು ಜನರ ಗುಂಪು ಮಾಡಿ. ಹೆಂಗಸರದ್ದೇ ಒಂದು ಗುಂಪು ಇರಲಿ, ಹುಡುಗರದ್ದೇ ಒಂದು ಇರಲಿ. ಗುಂಪಿಗೊಬ್ಬರು ಬರೆಯುವವರು. ಅವರಿಗೆ ಒಂದೇ ಕಟ್ಟಳೆ: ಜನ ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯಬೇಕು, ತಿದ್ದಬಾರದು. "ಬೆಳಕಿನ ಕೊರತೆ" ಅಂತ ಬರೆದರೆ ಸುಮ್ನೆ ಒಂದು ದೂರು. "ಐದೂವರಿಗೆ ಮೊಬೈಲ್ ಬ್ಯಾಟರಿ ಹಚ್ಕೊಂಡು ದಾಟ್ತೀವಿ" ಅಂದರೆ ಹೊತ್ತು, ಜಾಗ, ಭಯ ಮೂರೂ ಅದರಲ್ಲಿವೆ.

ಜಗಳ ಆಗುತ್ತದೆ, ಆಗಲಿ. ನಮ್ಮಲ್ಲಿ ಕೋಲು ಹಿಡಿದು ನಡೆಯುವ ನಿವೃತ್ತ ಮಾಸ್ತರರೊಬ್ಬರಿಗೂ ಪೇರಲಹಣ್ಣಿನ ಗಾಡಿಯವರಿಗೂ ಹತ್ತಿತು. "ಫುಟ್‌ಪಾತ್ ನಡೆಯೋಕೆ ಇರೋದು" ಅಂತ ಅವರು. "ನಾ ಹೊಟ್ಟಿಗೆ ಏನ್ ತಿನ್ನಲಿ?" ಅಂತ ಇವರು. ಇಬ್ಬರ ಮಾತೂ ನಿಜ ಅಲ್ವಾ? ಮರುದಿನ ಬೆಳಿಗ್ಗೆ ಟೇಪು ಹಿಡಿದು ಇಬ್ಬರನ್ನೂ ಅಲ್ಲಿಗೇ ಕರೆದುಕೊಂಡು ಹೋದೆವು. ಗಾಡಿಯನ್ನು ಕಾಂಪೌಂಡ್ ಗೋಡೆಗೆ ತಾಗಿಸಿ ನಿಲ್ಲಿಸಿದರೆ 1.9 ಮೀಟರ್ ಉಳಿಯಿತು. ಮಾಸ್ತರರು ಕೋಲು ಊರಿಕೊಂಡು ಎರಡು ಸಲ ಆಚೆ ಈಚೆ ನಡೆದು ನೋಡಿ, ಆಗಬಹುದು ಅಂದರು. ಗಾಡಿಯವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ. ಅದರ ಪ್ರಕಾರ ಊರಿನ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸ್ಥಾನ ವ್ಯಾಪಾರಿಗಳಿಗೇ. ಆದ್ದರಿಂದ ಗಾಡಿಗಳ ವಿಷಯವನ್ನು ಅವರಿಲ್ಲದ ಸಭೆಯಲ್ಲಿ ತೀರ್ಮಾನ ಮಾಡಬೇಡಿ.

ಕೊನೆಗೆ ಯಾವುದು ಮೊದಲು ಅಂತ ಆರಿಸಬೇಕು. ಕೈ ಎತ್ತಿಸಬೇಡಿ. ಮನೆಯೊಡತಿ ಎದುರಿಗೆ ಕೂತಿರುವಾಗ ಕೆಲಸದಾಕೆ ಬೇರೆ ಕಡೆ ಕೈ ಎತ್ತುವುದು ಕಷ್ಟ. ಪ್ರತಿಯೊಬ್ಬರಿಗೂ ಮೂರು ಹುಣಸೆ ಬೀಜ ಕೊಡಿ. ಪ್ರತಿ ಕೆಲಸಕ್ಕೆ ಒಂದು ಡಬ್ಬಿ, ಅದರ ಮೇಲೆ ಚಿತ್ರ. ಡಬ್ಬಿಗಳನ್ನು ಪಕ್ಕದ ಕೋಣೆಯಲ್ಲಿಡಿ, ಒಬ್ಬೊಬ್ಬರೇ ಹೋಗಿ ಹಾಕಿ ಬರಲಿ. ಎಣಿಕೆ ಮಾತ್ರ ಎಲ್ಲರ ಎದುರಿಗೇ ಆಗಬೇಕು.

ಕಾಗದ

ಒಂದು ಕೆಲಸಕ್ಕೆ ಒಂದು ಅರ್ಜಿ. ಹತ್ತು ಬೇಡಿಕೆಯನ್ನು ಒಂದರಲ್ಲೇ ತುಂಬಿದರೆ ಅದು ಯಾವ ವಿಭಾಗಕ್ಕೂ ಸೇರದೆ ಓಡಾಡುತ್ತಿರುತ್ತದೆ. ಮರಾಠಿಯಲ್ಲಿ ಬರೆಯಿರಿ ಅಥವಾ ಗೊತ್ತಿದ್ದವರಿಂದ ಬರೆಸಿ. ಜಾಗದ ಗುರುತು, ಅಳತೆ, ಫೋಟೋ, ಸಭೆಯ ತಾರೀಕು, ಎಷ್ಟು ಜನ ಬಂದಿದ್ದರು, ಎಷ್ಟು ಬೀಜ ಬಿತ್ತು, ಎಲ್ಲ ಇರಲಿ. ಸಹಿ ಬಾರದವರ ಹೆಬ್ಬೆಟ್ಟು ಹಾಕಿಸಿ.

ಎರಡು ಪ್ರತಿ ಒಯ್ಯಿರಿ. ಆವಕ್ ಕೌಂಟರಿನಲ್ಲಿ, ಅಂದರೆ ಬಂದ ಕಾಗದ ತೆಗೆದುಕೊಳ್ಳುವ ಕಡೆ, ಒಂದು ಕೊಟ್ಟು, ಇನ್ನೊಂದರ ಮೇಲೆ ಸಿಕ್ಕಾ, ತಾರೀಕು, ಆವಕ್ ನಂಬರು ಹಾಕಿಸಿಕೊಳ್ಳಿ. ಇದೇ ಪೋಚ್. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ವಿನಯದಿಂದ ಅಲ್ಲೇ ನಿಂತಿರಿ. ಒಮ್ಮೆ ನಾನು ಪೋಚ್ ಇಲ್ಲದೆ ಬಂದೆ. ಎರಡು ತಿಂಗಳ ಮೇಲೆ ಹೋದಾಗ ಅಂಥ ಕಾಗದವೇ ಬಂದಿಲ್ಲ ಅಂದರು. 60 ಜನರ ಸಹಿ ಅದರಲ್ಲಿತ್ತು. ಮತ್ತೆ ಮನೆಮನೆ ತಿರುಗಿ ಸಹಿ ಕೇಳುವಾಗ ಆದ ಸಂಕಟ ಇನ್ನೂ ಮರೆತಿಲ್ಲ.

ವಿಕಾಸ ಆರಾಖಡಾ ಬಂದಾಗ

ವಿಕಾಸ ಆರಾಖಡಾ ಅಂದರೆ ಊರಿನ ಅಭಿವೃದ್ಧಿ ಯೋಜನೆ, ಇದು ದೊಡ್ಡ ನಕ್ಷೆ. ಯಾವ ಜಾಗ ಶಾಲೆಗೆ, ಯಾವುದು ಉದ್ಯಾನಕ್ಕೆ, ಯಾವ ರಸ್ತೆ ಅಗಲವಾಗುತ್ತದೆ ಅಂತ ಮುಂದಿನ ಇಪ್ಪತ್ತು ವರ್ಷಕ್ಕೆ ಬರೆದಿಡುವುದು. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ ಪ್ರಕಾರ ಕರಡು ಪ್ರಕಟಿಸಿ ಜನರಿಂದ ಹರಕತಿ (ಆಕ್ಷೇಪಣೆ), ಸೂಚನೆ ಕರೆಯಲೇಬೇಕು. ಗಡುವು ನೋಟಿಸಿನಲ್ಲೇ ಇರುತ್ತದೆ.

ಇಲ್ಲಿ ಜನರ ಕಾಗದಕ್ಕೆ ಬಲ ಇದೆ. ಮುಂಬೈಯಲ್ಲಿ 2015ರ ಫೆಬ್ರವರಿಯಲ್ಲಿ ಬಂದ ಕರಡಿನಲ್ಲಿ ಈಗಾಗಲೇ ಇದ್ದ ಕಟ್ಟಡ, ರಸ್ತೆಗಳ ವಿಷಯದಲ್ಲೇ ತಪ್ಪುಗಳು ಸಿಕ್ಕವು. ಜನ ಸಾವಿರಾರು ಹರಕತಿ ಕೊಟ್ಟರು. ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಮಾಡಬೇಕೆಂದು ಮುಖ್ಯಮಂತ್ರಿ ಹೇಳಿದರು. ಹೊಸ ಕರಡು 2016ರಲ್ಲಿ ಬಂತು, 2018ರಲ್ಲಿ ಮಂಜೂರಾಯಿತು. ಪುಣೆಯ ಹಳೇ ಭಾಗದ 2013ರ ಕರಡಿಗೂ 87 ಸಾವಿರಕ್ಕಿಂತ ಜಾಸ್ತಿ ಹರಕತಿ ಬಂದವು. ಮಂಜೂರಾಗಿದ್ದು 2017ರಲ್ಲಿ.

ಕರಡು ಬಂದ ವಾರವೇ ನಿಮ್ಮ ಭಾಗದ ಹಾಳೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹಾಸಿ. ಪ್ರತಿ ಮನೆಯವರೂ ತಮ್ಮ ಜಾಗ ಹುಡುಕಲಿ. ಸರ್ವೆ ನಂಬರು, ಹಾಳೆಯ ನಂಬರು ಹಾಕಿ ಬರೆಯಿರಿ. "ಸುನಾವಣಿಗೆ (ವಿಚಾರಣೆಗೆ) ಕರೆಯಬೇಕು" ಅನ್ನುವ ಒಂದು ಸಾಲು ಮರೆಯಬೇಡಿ. 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಪುಣೆ ಪಾಲಿಕೆಗೆ ಸೇರಿದವು. ಊರಂಚಿನ ಇಂಥ ಕಡೆ ಬಾಡಿಗೆ ಕಡಿಮೆ ಅಂತ ನಮ್ಮ ಜನ ಬಹಳ ಇದ್ದಾರೆ, ಅವರು ಈ ನೋಟಿಸುಗಳ ಮೇಲೆ ಕಣ್ಣಿಡಬೇಕು.

ಬೆನ್ನು ಹತ್ತುವುದು

ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ನಾಗರಿಕರು ಕಡತ ನೋಡಬಹುದು ಅನ್ನುವ ಪದ್ಧತಿ ಪುಣೆ ಪಾಲಿಕೆಯಲ್ಲಿ ಶುರುವಾಗಿ, 2018ರಲ್ಲಿ ರಾಜ್ಯ ಸರ್ಕಾರದ ಆದೇಶದಿಂದ ಬೇರೆ ಕಡೆಗೂ ಹಬ್ಬಿತು. ಅದು ಈಗಲೂ ನಡೆಯುತ್ತಿದೆಯಾ ಅಂತ ಹೊರಡುವ ಮೊದಲು ಫೋನ್ ಮಾಡಿ ಕೇಳಿ, ಪೋಚ್ ಹಿಡಿದು ಹೋಗಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು.

ಆಮೇಲೆ ಅದೇ ಅಂಗಳದಲ್ಲಿ, ಅದೇ ಜಮಖಾನೆಯ ಮೇಲೆ ಜನರನ್ನು ಮತ್ತೆ ಕರೆಯಿರಿ. ಯಾವ ಅರ್ಜಿ ಎಲ್ಲಿದೆ, ಯಾವುದು ತಿರಸ್ಕಾರವಾಯಿತು, ಯಾಕೆ, ಎಲ್ಲ ಓದಿ ಹೇಳಿ. ಇದನ್ನು ಬಿಟ್ಟರೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ನಮ್ಮ ನಾಲಾದ ದೀಪಕ್ಕೆ ಒಂಬತ್ತು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮೂರು ಸಲ ಸೇರಿದೆವು, ಮೂರು ಸಲವೂ "ಇನ್ನೂ ಆಗಿಲ್ಲ" ಅಂತಲೇ ಹೇಳಬೇಕಾಯಿತು. ಸಿಂದಗಿಯ ಆ ಹೆಣ್ಣುಮಗಳು ಮೂರಕ್ಕೂ ಬಂದಳು. ದೀಪ ಹತ್ತಿದ ಮೇಲಿನ ಸಭೆಗೆ ಇನ್ನೂ ನಾಲ್ವರನ್ನು ಕರೆದುಕೊಂಡು ಬಂದು, ಟಿಕಲಿ ಪ್ಯಾಕೆಟ್ ಎಲ್ಲಿ ಅಂತ ಕೇಳಿದಳು. ಈ ಸಲ ಅವರ ವಸ್ತಿಯ ನಲ್ಲಿಯ ಮಾತು.